ಹಿತ್ತಿಲ ಶೆಡ್‌ಗೆ ಬರೀ ಜಲ್ಲಿ ಪಂಚಾಂಗ (ಅಡಿಪಾಯ) ಸಾಕಾ? ನಮ್ಮ ಮಳೆಗೆ ತಡೆಯುತ್ತದಾ?

ನೀವು ಕೇಳಿದ್ದು ಇಷ್ಟು: ಉಡುಪಿ ಜಿಲ್ಲೆಯ ಬ್ರಹ್ಮಾವರದ ಹತ್ತಿರ ಮನೆಯ ಹಿತ್ತಿಲಲ್ಲಿ 10 ಅಡಿಗೆ 12 ಅಡಿಯ ಶೀಟಿನ ಶೆಡ್ ಹಾಕಬೇಕು. ತೆಂಗಿನಕಾಯಿ, ಕಟ್ಟಿಗೆ, ಹುಲ್ಲು ಕತ್ತರಿಸುವ ಮೆಷಿನ್ ಇಡಲಿಕ್ಕೆ. ಕಾಂಕ್ರೀಟ್ ಬೇಡ, ಜಲ್ಲಿ ಸಾಕಾ?

ಸಾಕು. ಆದರೆ ಜಲ್ಲಿಯೊಳಗೆ ಇಳಿದ ನೀರು ಎಲ್ಲಿಂದ ಹೊರಗೆ ಹೋಗಬೇಕು ಅಂತ ಮೊದಲೇ ಗೊತ್ತು ಮಾಡಿಕೊಂಡರೆ ಮಾತ್ರ. ಉಳಿದದ್ದೆಲ್ಲ ಆಮೇಲೆ.

ಯೂಟ್ಯೂಬಿನಲ್ಲಿ ಸಿಗುವ ವಿಡಿಯೋಗಳು ಹೆಚ್ಚಾಗಿ ಚಳಿ ದೇಶದವು. ಅಲ್ಲಿ ಮಣ್ಣಿನ ನೀರು ಹೆಪ್ಪುಗಟ್ಟಿ ನೆಲವನ್ನೇ ಎತ್ತುತ್ತದೆ, ಅದಕ್ಕೂ ಸೇರಿ ಜಲ್ಲಿ ಹಾಕುತ್ತಾರೆ. ನಮಗೆ ಆ ತಾಪತ್ರಯ ಇಲ್ಲ. ನಮ್ಮದು ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ವಿಡಿಯೋ ನೋಡಿ ಅರ್ಧ ಅಡಿ ಅಗೆದು ಜಲ್ಲಿ ತುಂಬಿಸಿದಿರಿ ಅಂತ ಇಟ್ಟುಕೊಳ್ಳಿ. ಅಂಟು ಮಣ್ಣಾದರೆ ಅದು ಕಲ್ಲು ತುಂಬಿದ ಕೆರೆ, ಅಷ್ಟೇ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಅಡಿಯಲ್ಲಿ ಮಣ್ಣು ಕೆಸರಾಗಿ ಭಾರ ಇರುವ ಬದಿ ಕೂತುಕೊಳ್ಳುತ್ತದೆ. ಬಾಗಿಲು ಹಾಕಲಿಕ್ಕೆ ಬರುವುದಿಲ್ಲ ಅಂದಾಗಲೇ ಗೊತ್ತಾಗುವುದು.

ಹಾಗಾಗಿ ಮೊದಲು ಒಂದು ಪರೀಕ್ಷೆ ಮಾಡಿ. ಶೆಡ್ ಬರುವ ಜಾಗದಲ್ಲಿ ಒಂದು ಅಡಿ ಗುಂಡಿ ತೋಡಿ, ಸಂಜೆ ಎರಡು ಕೊಡಪಾನ ನೀರು ಸುರಿದು ಬಿಡಿ. ಬೆಳಿಗ್ಗೆ ನೀರು ಇಂಗಿದ್ದರೆ ಒಳ್ಳೆಯದು. ಗುಡ್ಡೆ ಬದಿಯ ಮುರಕಲ್ಲಿನ (ಕೆಂಪು ಕಲ್ಲಿನ) ನೆಲ ಹೆಚ್ಚಾಗಿ ಹೀಗೇ ಇರುತ್ತದೆ. ಮಲ್ಪೆ, ಉಳ್ಳಾಲದ ಕಡೆಯ ಹೊಯಿಗೆ (ಮರಳು) ನೆಲವೂ ನೀರು ಕುಡಿಯುತ್ತದೆ, ಆದರೆ ಅಲ್ಲಿ ಜಲ್ಲಿಯೇ ಹೊಯಿಗೆಯೊಳಗೆ ಹೂತುಹೋಗುತ್ತದೆ, ಜಲ್ಲಿಯ ಕೆಳಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಹಾಸಲೇಬೇಕು. ಗುಂಡಿಯಲ್ಲಿ ನೀರು ಹಾಗೇ ನಿಂತಿದ್ದರೆ ಅಥವಾ ನಿಮ್ಮದು ಬೈಲು (ತಗ್ಗಿನ ಗದ್ದೆ) ಜಾಗವಾದರೆ ಅಗೆಯಲೇ ಬೇಡಿ. ಹುಲ್ಲು ಬೇರು ಕೆರೆದು ತೆಗೆದು, ಸುತ್ತಲೂ ಕೆಂಪು ಕಲ್ಲು ಕಟ್ಟಿ, ಜಲ್ಲಿಯನ್ನು ನೆಲದ ಮೇಲೆ ತುಂಬಿಸಿ. ಸಿಮೆಂಟ್ ಹಾಕಿ ಸಂದು ಮುಚ್ಚಿಬಿಡಬೇಡಿ, ತಗ್ಗಿನ ಬದಿಯಲ್ಲಿ ನೀರಿಗೆ ದಾರಿ ಬಿಡಿ.

ಅಗೆಯುವ ಜಾಗವಾದರೆ ಕೇಳಿ. ಶೆಡ್‌ಗಿಂತ ಸುತ್ತ ಒಂದೊಂದು ಅಡಿ ಜಾಸ್ತಿ, ಅಂದರೆ 12ಕ್ಕೆ 14 ಅಡಿ ಬೇಕು. ಮಾಡಿನ (ಛಾವಣಿಯ) ನೀರು ಜಲ್ಲಿಯ ಮೇಲೆಯೇ ಬೀಳಬೇಕು. ಇಲ್ಲದಿದ್ದರೆ ಕೆಸರು ಸಿಡಿದು ಶೀಟಿನ ಬುಡ ತುಕ್ಕು ಹಿಡಿಯುತ್ತದೆ. ಹಗ್ಗ ಕಟ್ಟಿ ಮೂಲೆಯಿಂದ ಮೂಲೆಗೆ ಅಳೆಯಿರಿ, ಎರಡೂ ಕಡೆ 18 ಅಡಿ 5 ಇಂಚಿನ ಹತ್ತಿರ ಬಂದರೆ ಮೂಲೆ ಸರಿ ಇದೆ.

ಈಗ ಮುಖ್ಯ ವಿಷಯ. ಮೇಲ್ಭಾಗ ಲೆವೆಲ್ ಇರಬೇಕು, ಗುಂಡಿಯ ತಳ ಇರಬಾರದು. 14 ಅಡಿ ಉದ್ದಕ್ಕೆ ತಳವನ್ನು 3 ಇಂಚು ಇಳಿಜಾರು ಮಾಡಿ. ತಗ್ಗಿನ ಮೂಲೆಯಿಂದ ಒಂದು ಕಣಿ (ಸಣ್ಣ ಕಾಲುವೆ) ತೆಗೆದು, ಅದಕ್ಕೂ ಜಲ್ಲಿ ತುಂಬಿಸಿ, ತೋಡಿಗೋ ತೋಟದ ತಗ್ಗಿಗೋ ಬಿಡಿ. ಪಕ್ಕದ ಮನೆಯವರ ಕಂಪೌಂಡಿಗೆ ಮಾತ್ರ ಬೇಡ ಮಾರಾಯ್ರೆ, ಆ ಜಗಳಕ್ಕೆ ಪಂಚಾಂಗವೇ ಇಲ್ಲ. ನೀರಿನ ಲೆವೆಲ್ ಪೈಪಿನಲ್ಲಿ ನೋಡುವಾಗ ಒಳಗೆ ಗಾಳಿಗುಳ್ಳೆ ಇಲ್ಲದ ಹಾಗೆ ಜಾಗ್ರತೆ ಮಾಡಿ.

ಮಣ್ಣಿಗೂ ಜಲ್ಲಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಟಾರ್ಪಾಲು ಹಾಸಿದರೆ ನೀರು ಇಳಿಯುವುದಿಲ್ಲ, ಗ್ರೀನ್ ನೆಟ್ ಹಾಸಿದರೆ ಕೆಸರು ಮೇಲೆ ಬರುತ್ತದೆ. ಇದರಲ್ಲಿ ದುಡ್ಡು ಉಳಿಸಬೇಡಿ.

ಹೊಳೆಯ ಉರುಟು ಕಲ್ಲು ಚೆಂದ ಕಾಣುತ್ತದೆ, ಆದರೆ ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಕಾಲಿಟ್ಟಲ್ಲಿ ಜಾರುತ್ತದೆ. ಕ್ರಷರಿನ ಮೂಲೆ ಇರುವ ಜಲ್ಲಿಯೇ ಬೇಕು. ಅಡಿಯ ಪದರಕ್ಕೆ 40 ಮಿ.ಮೀ.ನದ್ದು, ಮೇಲಿನದಕ್ಕೆ 20 ಮಿ.ಮೀ.ನದ್ದು. ಜಲ್ಲಿ ಹುಡಿ ಸೇರಿಸಿದರೆ ಗಟ್ಟಿಯಾಗುತ್ತದೆ ಅಂತ ಮೇಸ್ತ್ರಿ ಹೇಳಬಹುದು. ನಿಜ, ಆದರೆ ಹುಡಿ ಜಾಸ್ತಿಯಾದರೆ ನೀರು ಇಳಿಯುವ ಸಂದು ಮುಚ್ಚುತ್ತದೆ. ನಮ್ಮ ಮಳೆಗೆ ನಾನು ಹುಡಿ ಬೇಡ ಅಂತಲೇ ಹೇಳುವುದು. ಕೊನೆಯ ಪದರಕ್ಕೆ ಸ್ವಲ್ಪ ಬೇಬಿ ಜಲ್ಲಿ ಹರಡಿದರೆ ನಡೆಯಲಿಕ್ಕೆ ಸುಖ.

ಲೆಕ್ಕ: 12×14 ಅಡಿಗೆ ಅರ್ಧ ಅಡಿ ದಪ್ಪ ಅಂದರೆ 84 ಘನ ಅಡಿ. ತಳದ ಇಳಿಜಾರು, ದಮ್ಮಸಿಗೆ (ಗುದ್ದಿ ಗಟ್ಟಿ ಮಾಡುವ ಸಾಧನದ ಹೊಡೆತಕ್ಕೆ) ಕೂರುವುದು ಸೇರಿ 120ರ ಹತ್ತಿರ ಹೋಗುತ್ತದೆ. ಒಂದು ಯೂನಿಟ್ ಅಂದರೆ 100 ಘನ ಅಡಿ. ಕಣಿಗೂ ಸೇರಿಸಿ ಒಂದೂವರೆ ಯೂನಿಟ್ ತರಿಸಿ.

ಎಲ್ಲ ಒಮ್ಮೆಲೇ ಸುರಿದು ಮೇಲಿಂದ ಹೊಡೆದರೆ ಪ್ರಯೋಜನ ಇಲ್ಲ. ಎರಡು ಮೂರು ಇಂಚಿಗೊಮ್ಮೆ ದಮ್ಮಸು ಹೊಡೆಯಬೇಕು. ಬಾಡಿಗೆಗೆ ಕಾಂಪ್ಯಾಕ್ಟರ್ ಸಿಕ್ಕಿದರೆ ಸೊಂಟ ಉಳಿಯುತ್ತದೆ. ಮೊದಮೊದಲು ಕಲ್ಲು ಸರಸರ ಸರಿಯುತ್ತದೆ. ಕಚ್ಚಿಕೊಂಡ ಮೇಲೆ ದಮ್ಮಸು ಪುಟಿಯುತ್ತದೆ, ಸದ್ದೂ ಗಟ್ಟಿಯಾಗುತ್ತದೆ. ಆಗ ಮುಂದಿನ ಪದರ ಹಾಕಿ.

ಕಾಂಕ್ರೀಟ್ ಬೇಡ ಅಂದಿರಿ, ಆದರೆ ನಾಲ್ಕು ಮೂಲೆಗೆ ಮಾತ್ರ ಹಾಕಿ. ಎರಡು ಅಡಿ ಗುಂಡಿಯಲ್ಲಿ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ನಿಲ್ಲಿಸಿ ಕಾಂಕ್ರೀಟ್ ತುಂಬಿಸಿ, ಶೆಡ್‌ನ ಫ್ರೇಮನ್ನು ಅದಕ್ಕೆ ಬೋಲ್ಟ್ ಮಾಡಿ. 2021ರ ಮೇಯಲ್ಲಿ ತೌಕ್ತೆ ಚಂಡಮಾರುತದ ಗಾಳಿ ನೋಡಿದ್ದೀರಲ್ವಾ? ಸುಮ್ನೆ ಜಲ್ಲಿಯ ಮೇಲೆ ಕೂರಿಸಿದ ಶೀಟಿನ ಶೆಡ್ ಅಂಥ ಗಾಳಿಗೆ ನಿಲ್ಲುವುದಿಲ್ಲ. ಈ ಕೆಲಸ ಜಲ್ಲಿ ತುಂಬಿಸುವ ಮೊದಲೇ ಆಗಬೇಕು.

ಜಲ್ಲಿ ಹಾಕಿದರೆ ಗೆದ್ದಲು ಬರುವುದಿಲ್ಲ ಅನ್ನುವುದನ್ನು ನಂಬಬೇಡಿ. ಕಟ್ಟಿಗೆಯನ್ನು ಸಿಮೆಂಟ್ ಬ್ಲಾಕಿನ ಮೇಲೆ ಎತ್ತರಿಸಿ ಇಡಿ, ಗೋಡೆಗೂ ತಾಗಿಸಬೇಡಿ. ಬಾವಿ ಹತ್ತಿರ ಇದ್ದರೆ ನೆಲಕ್ಕೆ ಗೆದ್ದಲಿನ ಮದ್ದು ಸುರಿಯುವುದು ಬೇಡ.

ಕೆಲಸ ಪತ್ತನಾಜೆಯೊಳಗೆ (ತುಳುನಾಡಿನಲ್ಲಿ ಮೇ ಕೊನೆಗೆ ಬರುವ ದಿನ) ಮುಗಿಸಿ. ಮಳೆ ಹಿಡಿದ ಮೇಲೆ ಹಿತ್ತಿಲಿಗೆ ಜಲ್ಲಿ ಲಾರಿ ಬಂದರೆ ಚಕ್ರ ಹೂತು ಅಂಗಳವೂ ಹಾಳು. ಮತ್ತೆ, ಮುಂದೆ ಇದೇ ಶೆಡ್‌ನಲ್ಲಿ ಕಾರು ನಿಲ್ಲಿಸುವ, ಮೇಲೆ ನೀರಿನ ಟ್ಯಾಂಕ್ ಕೂರಿಸುವ ಯೋಚನೆ ಇದ್ದರೆ ಜಲ್ಲಿ ಬಿಟ್ಟುಬಿಡಿ, ಕೆಂಪು ಕಲ್ಲಿನ ಪಂಚಾಂಗವನ್ನೇ ಹಾಕಿಸಿ.