ಅಗಿಯದೆ ನುಂಗಿದ ಮುದ್ದೆ ಕರಗುವುದು ಹೇಗೆ? – ಓದುಗರ ಪ್ರಶ್ನೆ, ಮೇಷ್ಟರ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದಿವೆ. ಎಲ್ಲವೂ ವಿಜ್ಞಾನ ತರಗತಿಯಲ್ಲಿ ನಡೆಯುತ್ತಿರುವ ಮಾನವ ದೇಹದ ಅಂಗವ್ಯೂಹಗಳ ಪಾಠವನ್ನು ಕುರಿತವು. ಮೂರು ದಶಕ ಇದೇ ಪಾಠವನ್ನು ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಮಾಡಿದ ನನ್ನನ್ನು ಮೊದಲನೆಯ ಪ್ರಶ್ನೆಯಂಥದ್ದನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಆದ್ದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಮೇಷ್ಟ್ರೇ, ಆಹಾರವನ್ನು ಚೆನ್ನಾಗಿ ಅಗಿದು ತಿನ್ನಬೇಕು, ಜೊಲ್ಲಿನಲ್ಲಿರುವ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಮಾಡುತ್ತದೆ ಎಂದು ಪಾಠದಲ್ಲಿದೆ. ಆದರೆ ನಮ್ಮ ಮನೆಯಲ್ಲಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಅಗಿದರೆ ಅಜ್ಜ ಬೈಯುತ್ತಾರೆ. ಹಾಗಾದರೆ ಮುದ್ದೆ ಜೀರ್ಣವಾಗುವುದು ಹೇಗೆ?
– ಏಳನೆಯ ತರಗತಿಯ ವಿದ್ಯಾರ್ಥಿನಿ, ಚನ್ನರಾಯಪಟ್ಟಣ ತಾಲ್ಲೂಕು

ಉತ್ತರ: ಮಗು, ಪುಸ್ತಕದ ಮಾತೂ ನಿಜ, ಅಜ್ಜನ ರೂಢಿಯೂ ಸರಿ. ಅಗಿಯುವುದಕ್ಕೆ ಎರಡು ಉದ್ದೇಶಗಳಿವೆ. ಗಟ್ಟಿಯಾದದ್ದನ್ನು ನುರಿಸುವುದು ಒಂದು, ನುರಿದದ್ದಕ್ಕೆ ಜೊಲ್ಲನ್ನು ಬೆರೆಸುವುದು ಇನ್ನೊಂದು. ಮುದ್ದೆಯ ವಿಷಯದಲ್ಲಿ ನುರಿಸುವ ಕೆಲಸವನ್ನು ಹಿಟ್ಟಿನ ಗಿರಣಿ ಮೊದಲೇ ಮುಗಿಸಿರುತ್ತದೆ. ಕುದಿಯುವ ಎಸರಿನಲ್ಲಿ ಬೆಂದಾಗ ರಾಗಿಯ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಒಡೆದುಕೊಳ್ಳುವುದರಿಂದ ಕಿಣ್ವಗಳಿಗೆ ಅದರೊಳಗೆ ಹೊಗಲು ದಾರಿಯೂ ಆಗಿರುತ್ತದೆ. ತುತ್ತು ಮುರಿದು, ಉರುಟಿ, ಸಾರಿನಲ್ಲಿ ಅದ್ದಿ ಬಾಯಿಗಿಟ್ಟರೆ ಅದು ಜಾರಿ ಇಳಿಯುತ್ತದೆ. ಕಡಲೆಕಾಯಿ, ಮಾಂಸ, ಹಸಿ ತರಕಾರಿಗಳನ್ನು ಮಾತ್ರ ಹೀಗೆ ನುಂಗಬಾರದು, ಅವನ್ನು ಹಲ್ಲೇ ನುರಿಸಬೇಕು.

ತುತ್ತು ಇಳಿಯುವುದು ಮೇಲಿನಿಂದ ಬಿದ್ದಂತೆ ಅಲ್ಲ. ಅನ್ನನಾಳದ ಸ್ನಾಯುಗಳು ತುತ್ತಿನ ಹಿಂದೆ ಬಿಗಿದು, ಮುಂದೆ ಸಡಿಲಗೊಂಡು, ಅಲೆಯಂತೆ ಅದನ್ನು ತಳ್ಳುತ್ತವೆ. ಹಸು ತಲೆ ಬಗ್ಗಿಸಿ ತೊಟ್ಟಿಯ ನೀರು ಕುಡಿಯುವಾಗ ನೀರು ಕೆಳಗಿನಿಂದ ಮೇಲಕ್ಕೇ ಹೋಗಬೇಕಲ್ಲವೇ? ಅಲ್ಲಿ ನಡೆಯುವುದೂ ಇದೇ ತಳ್ಳಾಟ. ಕೊಟ್ಟಿಗೆಯ ಹತ್ತಿರ ನಿಂತು ಹಸುವಿನ ಕುತ್ತಿಗೆಯನ್ನು ನೋಡಿದರೆ, ಗುಟುಕು ಸಾಗುವುದು ಕಣ್ಣಿಗೆ ಕಾಣುತ್ತದೆ.

ಇನ್ನು ಜೊಲ್ಲಿನ ಮಾತು. ಅದರಲ್ಲಿರುವ ಅಮೈಲೇಸ್ ಎಂಬ ಕಿಣ್ವಕ್ಕೆ ಬಾಯಿಯಲ್ಲಿ ಸಿಗುವ ಕಾಲವೇ ಕೆಲವು ಕ್ಷಣ. ನುಂಗಿದ ಮೇಲೂ ತುತ್ತಿನ ಒಳಭಾಗಕ್ಕೆ ಜಠರದ ಆಮ್ಲ ತಲುಪುವವರೆಗೆ ಅದು ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ, ಆಮ್ಲ ತಗುಲಿದೊಡನೆ ನಿಂತುಹೋಗುತ್ತದೆ. ಪಿಷ್ಟವನ್ನು ಒಡೆಯುವ ದೊಡ್ಡ ಕೆಲಸ ನಡೆಯುವುದು ಸಣ್ಣ ಕರುಳಿನಲ್ಲಿ. ಮೇದೋಜೀರಕ ಗ್ರಂಥಿಯು ಅಲ್ಲಿಗೆ ತನ್ನದೇ ಅಮೈಲೇಸ್ ಕಿಣ್ವವನ್ನು ಸುರಿಸುತ್ತದೆ. ದೊಡ್ಡವರಲ್ಲಿ ಸುಮಾರು 6 ಮೀಟರ್ ಉದ್ದವಿರುವ ಆ ಕರುಳನ್ನು ದಾಟುವಷ್ಟರಲ್ಲಿ ಪಿಷ್ಟದ ಬಹುಪಾಲು ಗ್ಲೂಕೋಸ್ ಆಗಿ, ಕರುಳಿನ ಗೋಡೆಯ ಕೂದಲೆಳೆಯಂಥ ವಿಲ್ಲೈಗಳ ಮೂಲಕ ರಕ್ತವನ್ನು ಸೇರಿರುತ್ತದೆ. ಬಾಯಿ ಬಿಟ್ಟ ಕೆಲಸವನ್ನು ಕರುಳು ಮಾಡುತ್ತದೆ.

ಜೊಲ್ಲಿನ ಶಕ್ತಿಯನ್ನು ನೀನೇ ಪರೀಕ್ಷಿಸಬಹುದು. ರಾಗಿಯ ಬಣ್ಣ ಅಡ್ಡ ಬರುವುದರಿಂದ ಅನ್ನದ ಗಂಜಿಯ ತಿಳಿಯನ್ನು ಎರಡು ಲೋಟಗಳಲ್ಲಿ ತೆಗೆದುಕೊಂಡು, ನೀರು ಬೆರೆಸಿ ತೆಳುವಾಗಿಸು. ಒಂದಕ್ಕೆ ನಿನ್ನ ಜೊಲ್ಲನ್ನು ಸೇರಿಸಿ ಕಲಕು. ಎರಡನ್ನೂ ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಅರ್ಧ ಗಂಟೆ ಇಟ್ಟು, ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣವನ್ನು ಒಂದೊಂದು ಹನಿ ಹಾಕು. ಜೊಲ್ಲಿಲ್ಲದ ಲೋಟ ಕಡುನೀಲಿಯಾಗುತ್ತದೆ, ಇನ್ನೊಂದರಲ್ಲಿ ಆ ನೀಲಿ ಮಂಕಾಗಿರುತ್ತದೆ ಅಥವಾ ಕಾಣುವುದೇ ಇಲ್ಲ. ಆಮೇಲೆ ಎರಡನ್ನೂ ಚೆಲ್ಲಿ ಲೋಟಗಳನ್ನು ಚೆನ್ನಾಗಿ ತೊಳೆದಿಡು.

ಹೊಟ್ಟೆಯ ಒಳಗೆ ನಡೆಯುವುದು ಜನರಿಗೆ ತಿಳಿದದ್ದಾದರೂ ಹೇಗೆ ಎಂದು ನೀನು ಮುಂದೆ ಕೇಳಬಹುದು. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಯುವಕನ ಹೊಟ್ಟೆಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಅವನು ಬದುಕಿದನು, ಆದರೆ ಜಠರಕ್ಕೆ ಆದ ತೂತು ಪೂರ್ತಿ ಮುಚ್ಚಲಿಲ್ಲ. ಅವನಿಗೆ ಚಿಕಿತ್ಸೆ ನೀಡಿದ ವಿಲಿಯಂ ಬೋಮಾಂಟ್ ಎಂಬ ಸೇನಾ ವೈದ್ಯರು ಆಹಾರದ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನೊಳಗೆ ಇಳಿಬಿಟ್ಟು, ಹೊತ್ತುಹೊತ್ತಿಗೆ ಹೊರಗೆಳೆದು ನೋಡಿದರು. ಜಠರರಸವನ್ನು ಹೊರತೆಗೆದು ಸೀಸೆಯಲ್ಲಿಟ್ಟರೂ ಅದು ಮಾಂಸವನ್ನು ಕರಗಿಸುವುದನ್ನು ಅವರು ಕಂಡರು. ನಾವು ಒಂದು ಸಾಲಿನಲ್ಲಿ ಓದಿ ಮುಗಿಸುವ ಪಾಠಕ್ಕೆ ಆ ಬಡ ಯುವಕ ವರ್ಷಗಟ್ಟಲೆ ತನ್ನ ಒಡಲನ್ನೇ ಒಡ್ಡಿದ್ದನು ಎಂಬುದನ್ನು ನಾನು ಪ್ರತಿ ವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಪ್ರಯೋಗಾಲಯವಿಲ್ಲ. ಒಂದು ಹಳೆಯ ಭಿತ್ತಿಪಟ ಮಾತ್ರ ಇದೆ. ಮಕ್ಕಳು ಅಂಗಗಳ ಹೆಸರನ್ನು ಪಟಪಟನೆ ಒಪ್ಪಿಸುತ್ತಾರೆ, ಆದರೆ ಜಠರ ಎಲ್ಲಿದೆ ಎಂದರೆ ಹೊಕ್ಕುಳ ಮುಟ್ಟುತ್ತಾರೆ. ಈ ಪಾಠವನ್ನು ಹೇಗೆ ಮಾಡಲಿ?
– ಶಿಕ್ಷಕರು, ಸಕಲೇಶಪುರ ತಾಲ್ಲೂಕು

ಉತ್ತರ: ಮಾನ್ಯರೇ, ಪ್ರಯೋಗಾಲಯವಿಲ್ಲದಿದ್ದರೂ ತರಗತಿಯಲ್ಲಿ ಮೂವತ್ತು ಮಕ್ಕಳಿದ್ದರೆ ಮೂವತ್ತು ದೇಹಗಳಿವೆ. ನಾನು ಹೆಚ್ಚು ನೆಚ್ಚಿಕೊಂಡಿದ್ದು ಅವನ್ನೇ. ಒಬ್ಬ ಹುಡುಗನನ್ನು ಜಗುಲಿಯ ಮೇಲೆ ಅಂಗಾತ ಮಲಗಿಸಿ, ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಅವನು ಎದ್ದ ಮೇಲೆ ಆ ಗೆರೆಯೊಳಗೆ ಅಂಗಗಳನ್ನು ಮಕ್ಕಳೇ ಬರೆಯಲಿ, ಬರೆಯುವ ಮುನ್ನ ತಮ್ಮ ಮೈಯನ್ನು ಮುಟ್ಟಿ ನೋಡಿಕೊಳ್ಳಲಿ. ಜಠರವಿರುವುದು ಹೊಕ್ಕುಳದ ಮೇಲ್ಗಡೆ, ಎಡಗಡೆಯ ಪಕ್ಕೆಲುಬುಗಳ ಮರೆಯಲ್ಲಿ. ಪಿತ್ತಜನಕಾಂಗ ಬಲಗಡೆ ಪಕ್ಕೆಲುಬಿನೊಳಗೆ. ಮೂತ್ರಪಿಂಡಗಳು ಬೆನ್ನಿನ ಕಡೆಗೆ, ಕೊನೆಯ ಪಕ್ಕೆಲುಬಿನ ಹತ್ತಿರ. ಹೃದಯವು ಪೂರ್ತಿ ಎಡಗಡೆ ಇಲ್ಲ, ಎದೆಯ ನಡುವೆಯೇ ಇದ್ದು ಅದರ ತುದಿ ಎಡಕ್ಕೆ ವಾಲಿರುತ್ತದೆ. ಭಿತ್ತಿಪಟದಲ್ಲಿ ಎಲ್ಲ ಅಂಗಗಳೂ ಮುಂದಿನಿಂದಲೇ ಕಾಣುವುದರಿಂದ, ಮೂತ್ರಪಿಂಡ ಹೊಟ್ಟೆಯ ಮುಂಭಾಗದಲ್ಲಿದೆ ಎಂದು ಹತ್ತನೆಯ ತರಗತಿಯವರೂ ತಿಳಿದಿರುವುದನ್ನು ಕಂಡಿದ್ದೇನೆ.

ಎದೆಬಡಿತ ಕೇಳುವುದಕ್ಕೆ ನೋಟ್‌ಬುಕ್ಕಿನ ಹಾಳೆಗಳನ್ನು ಸುರುಳಿ ಸುತ್ತಿ ಗೆಳೆಯನ ಎದೆಗೆ ಒತ್ತಿ ಕಿವಿಯಿಟ್ಟರೆ ಸಾಕು. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ರೆನೆ ಲೆನೆಕ್ ಮೊದಲು ಮಾಡಿದ್ದೂ ಇದನ್ನೇ. ಇಂದಿನ ಸ್ಟೆತಸ್ಕೋಪು ಆ ಕಾಗದದ ಸುರುಳಿಯಿಂದ ಬೆಳೆದು ಬಂದದ್ದು. ಕೂತಾಗಿನ ಬಡಿತವನ್ನು ಒಂದು ನಿಮಿಷ ಎಣಿಸಿ, ಅಂಗಳಕ್ಕೆ ಎರಡು ಸುತ್ತು ಓಡಿ ಬಂದು ಮತ್ತೆ ಎಣಿಸಲಿ. ನಿಮಿಷಕ್ಕೆ 72 ಎಂದು ಹಿಡಿದರೆ ದಿನಕ್ಕೆ 1,03,680 ಬಡಿತ ಎಂಬ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಕ್ಕಳಿಂದಲೇ ಗುಣಿಸಿಸಬೇಕು.

ಉಸಿರಾಟಕ್ಕೆ ಎಲೆ ಅಡಿಕೆಯ ಸುಣ್ಣ ಸಾಕಾಗುತ್ತದೆ. ಚಿಟಿಕೆ ಸುಣ್ಣವನ್ನು ಒಂದು ಸೀಸೆ ನೀರಿನಲ್ಲಿ ಕದಡಿ, ಮುಚ್ಚಿ, ರಾತ್ರಿಯಿಡೀ ಬಿಟ್ಟರೆ ಮೇಲೆ ತಿಳಿನೀರು ನಿಲ್ಲುತ್ತದೆ. ಆ ತಿಳಿಯನ್ನು ಲೋಟಕ್ಕೆ ಬಗ್ಗಿಸಿ, ಕೊಳವೆಯ ಮೂಲಕ ಊದಿದರೆ ಕೆಲವೇ ಉಸಿರಿಗೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಮಕ್ಕಳು ಕೊಳವೆಯನ್ನು ಹೀರದಂತೆ, ನೀರು ಕಣ್ಣಿಗೆ ಸಿಡಿಯದಂತೆ ನೀವೇ ಹತ್ತಿರ ನಿಲ್ಲಬೇಕು. ಒಳಗೆಳೆದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇಕಡ 0.04ರಷ್ಟು, ಹೊರಬಿಟ್ಟ ಗಾಳಿಯಲ್ಲಿ ಸುಮಾರು ಶೇಕಡ 4. ಈ ನೂರು ಪಟ್ಟು ಎಲ್ಲಿಂದ ಬಂತು ಎಂದು ಕೇಳಿ, ಸುಮ್ಮನೆ ಕಾಯಿರಿ. ಶ್ವಾಸಕೋಶದಲ್ಲಿ ಹುಟ್ಟಿತು ಎನ್ನುವವರೇ ಹೆಚ್ಚು. ಅದು ಹುಟ್ಟಿದ್ದು ಕಾಲಿನ, ಕೈಯ, ಮಿದುಳಿನ ಜೀವಕೋಶಗಳಲ್ಲಿ, ಕರುಳು ಹೀರಿ ಕಳಿಸಿದ ಗ್ಲೂಕೋಸು ಆಕ್ಸಿಜನ್ನಿನೊಂದಿಗೆ ಸೇರಿ ಶಕ್ತಿಯಾದಾಗ. ಅದನ್ನು ಶ್ವಾಸಕೋಶಕ್ಕೆ ಹೊತ್ತು ತಂದದ್ದು ರಕ್ತ. ಹಿಂದಿನ ಪತ್ರದ ಹುಡುಗಿ ನುಂಗಿದ ಮುದ್ದೆಯೇ ಮರುದಿನ ಸುಣ್ಣದ ನೀರನ್ನು ಬೆಳ್ಳಗಾಗಿಸಬಹುದು. ಜೀರ್ಣಾಂಗವ್ಯೂಹ, ರಕ್ತ ಪರಿಚಲನೆ, ಉಸಿರಾಟ ಎಂದು ಬೇರೆ ಬೇರೆ ವಾರಗಳಲ್ಲಿ ಮಾಡಿದ ಪಾಠ ಮಕ್ಕಳ ತಲೆಯಲ್ಲಿ ಬೇರೆ ಬೇರೆ ಡಬ್ಬಿಗಳಾಗಿ ಉಳಿಯುತ್ತದೆ. ಇಂಥ ಒಂದು ಲೋಟ ನೀರಿನೆದುರು ಅವುಗಳನ್ನು ಒಟ್ಟಿಗೆ ತರಬಹುದು.

ಕುರಿಯ ಶ್ವಾಸಕೋಶವನ್ನು ಅಂಗಡಿಯಿಂದ ತಂದು, ಶ್ವಾಸನಾಳಕ್ಕೆ ಸೈಕಲ್ ಪಂಪ್ ಜೋಡಿಸಿ ಉಬ್ಬಿಸಿ ತೋರಿಸುವವರಿದ್ದಾರೆ. ನಾನೂ ಕೆಲಸಕ್ಕೆ ಸೇರಿದ ಹೊಸತರಲ್ಲಿ ತೋರಿಸಿದೆ. ಮೊದಲೇ ಹೇಳದೆ ಮೇಜಿನ ಮೇಲಿಟ್ಟಿದ್ದರಿಂದ ಮೂರು ಮಕ್ಕಳು ಅಳುತ್ತಾ ಹೊರಗೆ ಹೋದರು, ಅದು ನನ್ನ ತಪ್ಪೇ. ಹಿಂದಿನ ದಿನವೇ ತಿಳಿಸಿ, ನೋಡಲು ಮನಸ್ಸಿಲ್ಲದವರಿಗೆ ಬೇರೆ ಕೆಲಸ ಕೊಟ್ಟು, ಕೈಗವಸು ಹಾಕಿಕೊಂಡು ತೋರಿಸುವುದಾದರೆ ಅದಕ್ಕಿಂತ ಒಳ್ಳೆಯ ಪಾಠ ಮತ್ತೊಂದಿಲ್ಲ.

ಪ್ರಶ್ನೆ: ಪುಸ್ತಕದ ಚಿತ್ರದಲ್ಲಿ, ರಕ್ತವನ್ನು ಹೃದಯಕ್ಕೆ ಮರಳಿ ತರುವ ಅಭಿಧಮನಿಗಳಿಗೆ ನೀಲಿ ಬಣ್ಣವಿದೆ. ನಮ್ಮ ತಂದೆಯವರ ಕೈಯಲ್ಲೂ ನರಗಳು ನೀಲಿಯಾಗಿಯೇ ಕಾಣುತ್ತವೆ. ಆಕ್ಸಿಜನ್ ಇಲ್ಲದ ರಕ್ತ ನೀಲಿಯೇ?
– ಹತ್ತನೆಯ ತರಗತಿಯ ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ಅಲ್ಲ. ಆಕ್ಸಿಜನ್ ಕಡಿಮೆಯಿರುವ ರಕ್ತ ಕಡುಗೆಂಪು, ಹೆಚ್ಚಿರುವುದು ಉಜ್ವಲ ಕೆಂಪು. ಆಸ್ಪತ್ರೆಯಲ್ಲಿ ಪರೀಕ್ಷೆಗೆ ತೆಗೆಯುವುದು ಅಭಿಧಮನಿಯ ರಕ್ತವನ್ನೇ, ಸಿರಿಂಜಿನಲ್ಲಿ ಅದರ ಬಣ್ಣವನ್ನು ನೀನು ನೋಡಿರಬಹುದು. ಚರ್ಮದ ಮೂಲಕ ಬೆಳಕು ಹೋಗಿ ಹಿಂತಿರುಗುವ ರೀತಿಯಿಂದ ಅದು ನೀಲಿಯಾಗಿ ಕಾಣುತ್ತದೆ. ಚಿತ್ರದ ನೀಲಿ ಗುರುತಿಗಾಗಿ ಮಾತ್ರ. ಇನ್ನೊಂದು ಮಾತು, ಮನೆಯಲ್ಲಿ ನಾವು ಇವನ್ನು ನರ ಎಂದೇ ಕರೆಯುತ್ತೇವೆ, ಆದರೆ ಪಾಠದಲ್ಲಿ ನರವೆಂದರೆ ಮಿದುಳಿನ ಸಂದೇಶ ಒಯ್ಯುವ ತಂತು. ಪರೀಕ್ಷೆಯಲ್ಲಿ ಇವೆರಡನ್ನು ಬೆರೆಸಬೇಡ.

ತೋಟದಲ್ಲಿ ದುಡಿದ ಕೈಯಲ್ಲಿ ಅಭಿಧಮನಿಗಳು ಎದ್ದು ಕಾಣುವುದರಿಂದ ತಂದೆಯವರ ಅನುಮತಿ ಕೇಳಿ ಒಂದು ಪರೀಕ್ಷೆ ಮಾಡು. ಅವರು ಮುಂಗೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಟ್ಟು ಮುಷ್ಟಿ ಹಿಡಿಯಲಿ. ಉಬ್ಬಿದ ಒಂದು ಅಭಿಧಮನಿಯನ್ನು ಮಣಿಕಟ್ಟಿನ ಕಡೆ ಒಂದು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಮೊಣಕೈಯ ಕಡೆಗೆ ನಿಧಾನವಾಗಿ ಸವರಿ ಆ ಬೆರಳನ್ನು ಎತ್ತಿಬಿಡು. ನಡುವಿನ ಭಾಗ ಬರಿದಾಗಿ ಚಪ್ಪಟೆಯಾಗಿಯೇ ಉಳಿಯುತ್ತದೆ, ಅಭಿಧಮನಿಯೊಳಗಿನ ಕವಾಟ ಒಂದೇ ಕಡೆಗೆ ತೆರೆಯುವ ಬಾಗಿಲಿನಂತಿರುವುದರಿಂದ ಮೇಲಿನ ರಕ್ತ ಅದನ್ನು ದಾಟಿ ಹಿಂದಕ್ಕೆ ಇಳಿಯುವುದಿಲ್ಲ. ಮೊದಲನೆಯ ಬೆರಳನ್ನು ತೆಗೆದೊಡನೆ ಕೆಳಗಿನಿಂದ ರಕ್ತ ನುಗ್ಗಿ ಮತ್ತೆ ಉಬ್ಬುತ್ತದೆ. ರಕ್ತ ಒಂದೇ ದಿಕ್ಕಿನಲ್ಲಿ ಸುತ್ತುತ್ತದೆ ಎಂದು 1628ರಲ್ಲಿ ಜಗತ್ತಿಗೆ ತಿಳಿಸಿದ ಇಂಗ್ಲೆಂಡಿನ ವಿಲಿಯಂ ಹಾರ್ವೆ ಕೊಟ್ಟ ಸಾಕ್ಷ್ಯಗಳಲ್ಲಿ ಇದೂ ಒಂದು. ಹೃದಯದಿಂದ ರಕ್ತ ಒಯ್ಯುವ ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ಲೋಮನಾಳಗಳನ್ನು ಮಾತ್ರ ಅವರು ಕಾಣಲಾಗಲಿಲ್ಲ. ಅವರು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, 1661ರಲ್ಲಿ, ಇಟಲಿಯ ಮಾರ್ಸೆಲ್ಲೊ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಅವನ್ನು ಸೂಕ್ಷ್ಮದರ್ಶಕದಿಂದ ಕಂಡರು.

ಪ್ರಶ್ನೆ: ಶಾಲೆಯಿಂದ ಮುಳ್ಳಯ್ಯನಗಿರಿಗೆ ಹೋಗಿದ್ದಾಗ ಮೆಟ್ಟಿಲು ಹತ್ತುವಾಗ ಎದೆ ಜೋರಾಗಿ ಹೊಡೆದುಕೊಂಡಿತು. ಅಲ್ಲಿ ಆಕ್ಸಿಜನ್ ಕಡಿಮೆಯೇ?
– ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಸ್ವಲ್ಪ ಕಡಿಮೆ, ಆದರೆ ಮುಖ್ಯ ಕಾರಣ ಮೆಟ್ಟಿಲುಗಳೇ. ಶಿಖರದ ಎತ್ತರ ಸುಮಾರು 1,930 ಮೀಟರ್. ಅಲ್ಲಿಯೂ ಗಾಳಿಯಲ್ಲಿ ಆಕ್ಸಿಜನ್ ಪಾಲು ಶೇಕಡ 21ರಷ್ಟೇ, ಗಾಳಿಯ ಒತ್ತಡ ಮಾತ್ರ ಸಮುದ್ರಮಟ್ಟದ ಐದರಲ್ಲಿ ನಾಲ್ಕು ಪಾಲಿನಷ್ಟಿರುತ್ತದೆ. ನಿಮ್ಮ ಊರೇ ಸಾವಿರ ಮೀಟರ್‌ಗಿಂತ ಎತ್ತರದಲ್ಲಿರುವುದರಿಂದ ಊರಿಗೂ ಶಿಖರಕ್ಕೂ ಇರುವ ವ್ಯತ್ಯಾಸ ಸುಮಾರು ಹತ್ತರಲ್ಲಿ ಒಂದು ಪಾಲು. ತೊಡೆಯ ಸ್ನಾಯುಗಳು ಮೈಭಾರವನ್ನು ಮೇಲೆತ್ತುವಾಗ ಹೆಚ್ಚು ಗ್ಲೂಕೋಸು, ಹೆಚ್ಚು ಆಕ್ಸಿಜನ್ ಬೇಡುತ್ತವೆ. ಕೂತಾಗ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುವ ದೊಡ್ಡವರ ಹೃದಯ, ಬಿರುಸಾಗಿ ದುಡಿಯುವಾಗ ಅದರ ನಾಲ್ಕು ಪಟ್ಟು ತಳ್ಳಬಲ್ಲದು.

ಪ್ರಶ್ನೆ: ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ಅಜ್ಜಿ ಹೇಳುತ್ತಾರೆ. ನಿಜವೇ?
– ಐದನೆಯ ತರಗತಿಯ ವಿದ್ಯಾರ್ಥಿ, ಬೇಲೂರು

ಉತ್ತರ: ಅಜ್ಜಿಯ ಮಾತಿನಲ್ಲಿ ಪ್ರೀತಿಯಿದೆ, ಕಾರಣ ಮಾತ್ರ ಬೇರೆ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯು ಒಮ್ಮೆಲೇ ಬಿಗಿದಾಗ ಗಾಳಿ ಒಳನುಗ್ಗುತ್ತದೆ, ಆ ಕ್ಷಣವೇ ಗಂಟಲಿನ ಧ್ವನಿತಂತುಗಳು ಮುಚ್ಚಿಕೊಂಡು ಆ ಸದ್ದು ಬರುತ್ತದೆ.

ಪ್ರಶ್ನೆ: ಸಂತಾನೋತ್ಪತ್ತಿಯ ಪಾಠವನ್ನು ‘ಮನೆಯಲ್ಲೇ ಓದಿಕೊಳ್ಳಿ’ ಎಂದು ಮಗಳ ಶಾಲೆಯಲ್ಲಿ ಬಿಟ್ಟಿದ್ದಾರೆ. ಅವಳು ನನ್ನನ್ನು ಕೇಳುತ್ತಾಳೆ, ನನಗೆ ಹೇಗೆ ಹೇಳುವುದೆಂದು ತಿಳಿಯುತ್ತಿಲ್ಲ.
– ಒಬ್ಬ ತಾಯಿ, ಅರಸೀಕೆರೆ

ಉತ್ತರ: ತಾಯಿ, ಮಗಳು ನಿಮ್ಮನ್ನೇ ಕೇಳಿದ್ದು ಒಳ್ಳೆಯದಾಯಿತು. ಈ ಪಾಠವನ್ನು ದಾಟಿಸಿ ಮುಂದೆ ಹೋಗುವುದು ತಪ್ಪೆಂದೇ ನಾನು ತಿಳಿದಿದ್ದೇನೆ. ಹೃದಯದ ಪಾಠಕ್ಕಿಲ್ಲದ ನಾಚಿಕೆ ಗರ್ಭಾಶಯದ ಪಾಠಕ್ಕೆ ಬೇಕಿಲ್ಲ. ಪುಸ್ತಕ ತೆರೆದಿಟ್ಟುಕೊಂಡು ಚಿತ್ರದ ಮೇಲೆ ಬೆರಳಿಟ್ಟು ಇಬ್ಬರೂ ಒಟ್ಟಿಗೆ ಓದಿ. ಮಗುವಿಗೆಂದು ಗರ್ಭಾಶಯದ ಒಳಪದರ ಪ್ರತಿ ತಿಂಗಳೂ ಸಿದ್ಧವಾಗುತ್ತದೆ, ಗರ್ಭ ನಿಲ್ಲದಿದ್ದರೆ ಆ ಪದರವೇ ರಕ್ತದೊಂದಿಗೆ ಹೊರಬರುತ್ತದೆ, ಅದರಲ್ಲಿ ಮೈಲಿಗೆಯಾಗಲಿ ಕೆಟ್ಟ ರಕ್ತವಾಗಲಿ ಇಲ್ಲ ಎಂಬುದನ್ನು ಮೊದಲು ಹೇಳಿ. ಮುಟ್ಟು ಆರಂಭವಾದ ಮೊದಲ ವರ್ಷಗಳಲ್ಲಿ ದಿನಗಳ ಲೆಕ್ಕ ಏರುಪೇರಾಗುವುದು ಸಾಮಾನ್ಯ. ಸ್ರಾವ ಅತಿಯಾಗಿ ಸುಸ್ತಾಗುತ್ತಿದ್ದರೆ ವೈದ್ಯರಿಗೆ ತೋರಿಸಿ. ಹೀಮೋಗ್ಲೋಬಿನ್ನಿಗೆ ಕಬ್ಬಿಣ ಬೇಕು, ಆದ್ದರಿಂದಲೇ ಶಾಲೆಯಲ್ಲಿ ವಾರಕ್ಕೊಮ್ಮೆ ನೀಲಿ ಮಾತ್ರೆ ಕೊಡುತ್ತಾರೆ. ಅದನ್ನು ಊಟವಾದ ಮೇಲೆ ನೀರಿನೊಂದಿಗೆ ನುಂಗಲಿ, ಕಾಫಿ ಟೀ ಜೊತೆ ಬೇಡ, ಅವು ಕಬ್ಬಿಣಾಂಶವನ್ನು ಕರುಳು ಹೀರದಂತೆ ತಡೆಯುತ್ತವೆ.

ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣು ಎಕ್ಸ್ ವರ್ಣತಂತು ತಂದಿತೋ ವೈ ವರ್ಣತಂತು ತಂದಿತೋ ಎಂಬುದರ ಮೇಲೆ ನಿಂತಿದೆ, ತಾಯಿಯ ಅಂಡದಲ್ಲಿ ಇರುವುದು ಎಕ್ಸ್ ಮಾತ್ರ ಎಂಬ ಪುಟವೂ ಹತ್ತನೆಯ ತರಗತಿಯ ಪುಸ್ತಕದಲ್ಲಿದೆ. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಮನೆಗಳು ಇನ್ನೂ ಇರುವುದರಿಂದ ಆ ಪುಟವನ್ನು ಮನೆಯ ಗಂಡಸರನ್ನೂ ಕೂರಿಸಿಕೊಂಡು ಮಗಳಿಂದಲೇ ಗಟ್ಟಿಯಾಗಿ ಓದಿಸಿ. ಶಾಲೆಗೂ ಒಮ್ಮೆ ಹೋಗಿ, ಇನ್ನಿಬ್ಬರು ತಾಯಂದಿರನ್ನು ಜೊತೆಗೆ ಕರೆದುಕೊಂಡು, ಪಾಠವನ್ನು ತರಗತಿಯಲ್ಲೇ ಮಾಡಬೇಕೆಂದು ಕೇಳಿ. ಶಿಕ್ಷಕರಿಗೆ ಸಂಕೋಚವಿದ್ದರೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮನವರನ್ನು ಒಂದು ಅವಧಿಗೆ ಕರೆಸಬಹುದು.