ಸಂಪಾದಕರ ಉತ್ತರ: ‘ನೂರಕ್ಕೆ ಹಾಕಿ’ ಎನ್ನುವವರ ಲೆಕ್ಕ

ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆಯ ಹಿರಿಯ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ತಿರುಳು ಇಷ್ಟು: ‘ಪೆಟ್ರೋಲ್ ದರ ಏರಿತೆಂದು ಗೋಳಾಡುವ ನಮ್ಮ ಜನ ಅದೇ ವಾರ ಶೋರೂಮಿಗೆ ಹೋಗಿ ದೊಡ್ಡ ಗಾಡಿಗೆ ಮುಂಗಡ ಕೊಟ್ಟು ಬರುತ್ತಾರೆ. ಬಸ್ಸು ಖಾಲಿ ಓಡುತ್ತದೆ, ಬೈಕಿಲ್ಲದ ಮನೆ ಊರಲ್ಲಿಲ್ಲ. ಹಿಂದೆ ಐವತ್ತು ಪೈಸೆ ಏರಿದರೂ ರಸ್ತೆಗಿಳಿಯುತ್ತಿದ್ದವರು ಈಗ ಮೂರು ರೂಪಾಯಿ ಏರಿದರೂ ಸುಮ್ಮನಿರುತ್ತಾರೆ. ಇವರಿಗೆ ದರ ನಿಜಕ್ಕೂ ತಟ್ಟುತ್ತಿದೆಯೇ, ಇಲ್ಲ ಎಲ್ಲವೂ ಬಾಯಿಮಾತೇ? ಇದನ್ನು ಕೇಳಬೇಕಾದ ನಿಮ್ಮ ಪತ್ರಿಕೆಯ ಹಿಂಬದಿ ರಕ್ಷಾಪುಟದಲ್ಲೇ ಕಾರಿನ ಜಾಹೀರಾತು ಇರುತ್ತದೆ.’ ಜೊತೆಗೆ, ಘಟ್ಟದ ಕೆಳಗಿನ ಮಂಗಳೂರಿಗೂ ಘಟ್ಟದ ಮೇಲಿನ ನಮಗೂ ದರ ಏಕೆ ಬೇರೆ ಎಂಬ ಸಣ್ಣ ಪ್ರಶ್ನೆಯೂ ಇದೆ.

ಜಾಹೀರಾತಿನ ಮಾತು ನಿಜ. ಆ ಪುಟದ ಹಣದಿಂದಲೇ ಪತ್ರಿಕೆಯ ಕಾಗದದ ಖರ್ಚಿನ ಒಂದು ಪಾಲು ಹುಟ್ಟುತ್ತದೆ. ಅದನ್ನು ಮರೆಮಾಚುವುದಕ್ಕಿಂತ ಒಪ್ಪಿಕೊಂಡು ಮುಂದೆ ಹೋಗುವುದು ಮೇಲು.

ಪತ್ರದ ಮುಖ್ಯ ಆಕ್ಷೇಪವನ್ನು ಮಾತ್ರ ನಾನು ಒಪ್ಪಲಾರೆ. ಜನರಿಗೆ ದರ ತಟ್ಟುತ್ತಿದೆಯೇ ಇಲ್ಲವೇ ಎಂಬುದನ್ನು ಶೋರೂಮಿನ ಬಾಗಿಲಲ್ಲಿ ನಿಂತು ತಿಳಿಯಲಾಗದು. ಹಾಸನದ ಬಿ.ಎಂ. ರಸ್ತೆಯ ಯಾವುದಾದರೂ ಬಂಕಿನಲ್ಲಿ ಸಂಜೆ ಆರರ ಹೊತ್ತಿಗೆ ಅರ್ಧ ಗಂಟೆ ನಿಂತು ನೋಡಬೇಕು. ಬೈಕಿನವರಲ್ಲಿ ಲೀಟರ್ ಲೆಕ್ಕದಲ್ಲಿ ಕೇಳುವವರು ವಿರಳ. ‘ನೂರಕ್ಕೆ ಹಾಕಿ’, ‘ಐವತ್ತಕ್ಕೆ ಹಾಕಿ’ ಎನ್ನುವವರೇ ಹೆಚ್ಚು. ಜೇಬಿನಿಂದ ಹೊರಡುವ ನೋಟು ಅಂದೂ ನೂರು, ಇಂದೂ ನೂರು. ಬದಲಾಗಿರುವುದು ಆ ನೂರು ರೂಪಾಯಿಗೆ ಗಾಡಿ ಓಡುವ ದೂರ. 2010ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ದರದ ಮೇಲಿನ ಹಿಡಿತವನ್ನು ಬಿಟ್ಟಾಗ ದೆಹಲಿಯಲ್ಲಿ ಒಂದು ಲೀಟರಿಗೆ 51 ರೂಪಾಯಿ 43 ಪೈಸೆ ಆಗಿತ್ತು. ನೂರು ರೂಪಾಯಿಗೆ ಎರಡು ಲೀಟರಿಗೆ ತುಸು ಕಡಿಮೆ ಬರುತ್ತಿತ್ತು. ನಮ್ಮಲ್ಲಿ ತೆರಿಗೆ ಹೆಚ್ಚಿದ್ದುದರಿಂದ ಇನ್ನೂ ಸ್ವಲ್ಪ ಕಡಿಮೆ ಎಂದುಕೊಳ್ಳಿ. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ದರ ನೂರನ್ನು ದಾಟಿತು. ಅಲ್ಲಿಂದೀಚೆಗೆ, ನಡುವಿನ ಕೆಲವು ತಿಂಗಳುಗಳನ್ನು ಬಿಟ್ಟರೆ, ನೂರರ ನೋಟಿಗೆ ಒಂದು ಲೀಟರ್ ಪೂರ್ತಿ ಬಂದದ್ದಿಲ್ಲ. ಹೀಗೆ ದೂರ ಮೊಟಕಾದಾಗ ಮನುಷ್ಯ ಘೋಷಣೆ ಕೂಗುವುದಿಲ್ಲ. ನೆಂಟರ ಮನೆಗೆ ಹೋಗುವುದನ್ನು ಮುಂದೂಡುತ್ತಾನೆ, ಎರಡು ಸಲದ ಪೇಟೆ ಕೆಲಸವನ್ನು ಒಂದೇ ಸಲಕ್ಕೆ ಮುಗಿಸುತ್ತಾನೆ, ಪಕ್ಕದ ಮನೆಯವನನ್ನು ಹಿಂದೆ ಕೂರಿಸಿಕೊಂಡು ಅರ್ಧ ದುಡ್ಡು ಕೇಳಲೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತಾನೆ. ಇದಾವುದೂ ನಿಮಗೆ ರಸ್ತೆಯಲ್ಲಿ ಕಾಣುವಂಥದ್ದಲ್ಲ.

ಫಲಕದಲ್ಲಿ ಬರೆಯದ ಏರಿಕೆಯೂ ಒಂದಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ, ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲ್ ಈಗ ಎಲ್ಲೆಡೆ ಬಂದಿದೆ. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನದಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಆದ್ದರಿಂದ ಬೆರಕೆ ಇಲ್ಲದ ಪೆಟ್ರೋಲಿಗೆ ಹೋಲಿಸಿದರೆ ಈ ಮಿಶ್ರಣದಲ್ಲಿ ನೂರಕ್ಕೆ ಆರೇಳು ಭಾಗ ಶಕ್ತಿ ಖೋತಾ ಆಗುತ್ತದೆ. ಹೊಸ ಎಂಜಿನ್‌ಗಳು ಇದಕ್ಕೆ ಹೊಂದಿಕೊಂಡು ಖೋತಾವನ್ನು ಒಂದಿಷ್ಟು ತುಂಬಿಕೊಳ್ಳುತ್ತವೆ, ಹಳೆಯವು ಅಷ್ಟಾಗಿ ತುಂಬಿಕೊಳ್ಳುವುದಿಲ್ಲ. ಹಳೆಯ ಬೈಕಿನವನು ‘ಯಾಕೋ ಮೈಲೇಜ್ ಬಿದ್ದಿದೆ’ ಎಂದು ಮೆಕ್ಯಾನಿಕ್ ಬಳಿ ಹೋಗಿ ಕಾರ್ಬುರೇಟರ್ ಶುಚಿ ಮಾಡಿಸಿಕೊಂಡು ಬರುತ್ತಾನೆ. ಆ ಖರ್ಚೂ ಅವನದೇ.

ಇನ್ನು ದೊಡ್ಡ ಗಾಡಿಗಳ ವಿಷಯ. ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನ ರಸ್ತೆಗಳಲ್ಲಿ ಹೊಸ ಜೀಪುಗಳ ಹೊಳಪು ಹೆಚ್ಚುತ್ತದೆ ಎಂಬ ನಿಮ್ಮ ಮಾತಿಗೆ ನನ್ನ ತಕರಾರಿಲ್ಲ. ಆದರೆ ಒಂದು ಲೆಕ್ಕ ಹಾಕಿ ನೋಡಿ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವ, ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ 67 ಲೀಟರ್ ಬೇಕು. ಲೀಟರಿಗೆ ಮೂರು ರೂಪಾಯಿ ಏರಿದರೆ ತಿಂಗಳಿಗೆ 200 ರೂಪಾಯಿ ಹೆಚ್ಚುತ್ತದೆ. ತಿಂಗಳಿಗೆ ಇಪ್ಪತ್ತು ಸಾವಿರದ ಕಂತು ಕಟ್ಟಲು ಸಿದ್ಧನಾದವನ ನಿರ್ಧಾರವನ್ನು ಈ 200 ರೂಪಾಯಿ ಏಕೆ ಬದಲಿಸಬೇಕು? ಅವನು ಬೆಲೆ ಕೊಡುತ್ತಿರುವುದು ಮಳೆಗಾಲದಲ್ಲಿ ತೋಟದ ದಾರಿಯ ಕೆಸರು ದಾಟಲು, ಮತ್ತು, ಇದ್ದುದನ್ನು ಇದ್ದ ಹಾಗೆ ಹೇಳುವುದಾದರೆ, ಮದುವೆ ಮನೆಯ ಮುಂದೆ ಇಳಿಯುವಾಗಿನ ಗತ್ತಿಗೆ.

ಹಾಗೆಂದು ತೋಟದವರಿಗೆ ದರ ತಟ್ಟುವುದಿಲ್ಲವೆಂದೂ ಅಲ್ಲ. ಅವರ ಪೆಟ್ಟು ಬೇರೆ ಕಡೆ ಬೀಳುತ್ತದೆ. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆ ಬಾರದಿದ್ದರೆ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಿಡಿಯಲೇಬೇಕು. ಕೆರೆಯಿಂದ ಗುಡ್ಡದ ನೆತ್ತಿಗೆ ನೀರೆತ್ತುವ ಡೀಸೆಲ್ ಪಂಪ್‌ಸೆಟ್ ಹಗಲೂ ರಾತ್ರಿ ಓಡುತ್ತದೆ, ಎಣ್ಣೆ ಬ್ಯಾರಲ್ ಲೆಕ್ಕದಲ್ಲಿ ಬರುತ್ತದೆ. ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸುವ ಯಂತ್ರಕ್ಕೂ ಎಣ್ಣೆ ಬೇಕು. ತೋಟದೊಳಗೆ ಆಳುಗಳಿಗೆಂದು ಕಟ್ಟಿದ್ದ ಲೈನ್ ಮನೆಗಳು ಖಾಲಿಯಾದ ಮೇಲೆ ಆಳುಗಳನ್ನು ಇಪ್ಪತ್ತು, ಮೂವತ್ತು ಕಿಲೋಮೀಟರ್ ದೂರದಿಂದ ಬೆಳಿಗ್ಗೆ ಪಿಕಪ್‌ನಲ್ಲಿ ಕರೆತಂದು ಸಂಜೆ ಬಿಟ್ಟುಬರಬೇಕಾಗಿದೆ. ಆ ಬಾಡಿಗೆಯನ್ನು ಕೂಲಿಯ ಲೆಕ್ಕಕ್ಕೆ ಸೇರಿಸಿಯೇ ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕ ಬರೆಯುತ್ತಾನೆ. ರಾಜ್ಯ ಸರ್ಕಾರ 2024ರ ಜೂನ್ 15ರಂದು ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 14.34ರಿಂದ ಶೇ 18.44ಕ್ಕೆ ಏರಿಸಿತು, 2025ರ ಏಪ್ರಿಲ್ 1ರಿಂದ ಶೇ 21.17ಕ್ಕೆ ಒಯ್ದಿತು. ಜೀಪಿನ ಟ್ಯಾಂಕಿಗಿಂತ ಪಂಪ್‌ಸೆಟ್ಟಿನ ಬ್ಯಾರಲ್ಲಿನಲ್ಲೇ ಇದು ಹೆಚ್ಚು ಕಂಡಿತು. ನಿಮ್ಮ ಕಣ್ಣಿಗೆ ಬಿದ್ದದ್ದು ಜೀಪು ಮಾತ್ರ.

ಜನ ದರಕ್ಕೆ ತಕ್ಕಂತೆ ವಾಹನ ಆರಿಸುವುದೇ ಇಲ್ಲವೆಂಬುದೂ ಸರಿಯಲ್ಲ. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ ದಾಟಿದಾಗ ಡೀಸೆಲ್ 41 ರೂಪಾಯಿಯ ಒಳಗಿತ್ತು. ಮೂವತ್ತು ರೂಪಾಯಿಗೂ ಮಿಕ್ಕ ಅಂತರ ಕಂಡದ್ದೇ ತಡ, ಸಣ್ಣ ಕಾರು ಕೊಳ್ಳುವ ಮೇಷ್ಟ್ರೂ ಡೀಸೆಲ್ ಗಾಡಿಯನ್ನೇ ಕೇಳತೊಡಗಿದರು. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರವೂ ನಿಯಂತ್ರಣದಿಂದ ಹೊರಬಂತು, ಅಂತರ ಕುಗ್ಗುತ್ತ ಹೋಯಿತು. 2020ರ ಏಪ್ರಿಲ್‌ನಲ್ಲಿ ವಾಹನದ ಹೊಗೆಗೆ ಬಿಗಿ ಮಿತಿ ಹಾಕುವ ಬಿಎಸ್-6 ನಿಯಮ ಬಂದಾಗ ದೇಶದ ಅತಿ ದೊಡ್ಡ ಕಾರು ತಯಾರಕರಾದ ಮಾರುತಿಯವರು ಡೀಸೆಲ್ ಕಾರುಗಳನ್ನೇ ನಿಲ್ಲಿಸಿದರು. ದರದ ಆಸೆಗೆ ಡೀಸೆಲ್ ಕಾರು ಕೊಂಡವರ ಅಂಗಳದಲ್ಲಿ ಕಾರು ಉಳಿಯಿತು, ಅಂತರ ಉಳಿಯಲಿಲ್ಲ. ಎಣ್ಣೆ ಕೊಳ್ಳುವುದು ದಿನದ ಮಾತು, ಗಾಡಿ ಕೊಳ್ಳುವುದು ಹತ್ತು ವರ್ಷದ ಮಾತು. ಒಮ್ಮೆ ಕೈ ಸುಟ್ಟುಕೊಂಡವರು ಇಂದಿನ ದರ ನೋಡಿ ನಾಳೆಯ ಗಾಡಿ ಆರಿಸಲು ಹಿಂದೆ ಮುಂದೆ ನೋಡಿದರೆ ಅದನ್ನು ಉಡಾಫೆ ಎನ್ನಲಾಗದು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ‘ಬಸ್ಸು ಖಾಲಿ ಓಡುತ್ತದೆ’ ಎಂಬ ಮಾತು. ಕೊಪ್ಪದ ಸಹಕಾರ ಸಾರಿಗೆ ನಿಮಗೆ ನೆನಪಿರಬಹುದು. ಮುಚ್ಚಿಹೋದ ಖಾಸಗಿ ಬಸ್ ಕಂಪನಿಯೊಂದರ ಕಾರ್ಮಿಕರು 1991ರಲ್ಲಿ ತಾವೇ ಸಂಘ ಕಟ್ಟಿ, ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಮೂಲೆಮೂಲೆಗೆ ಬಸ್ಸು ಓಡಿಸಿದ್ದರು. ವಿದ್ಯಾರ್ಥಿಗಳಿಗೆ ರಿಯಾಯಿತಿಯನ್ನೂ ಕೊಡುತ್ತಿದ್ದರು. ಡೀಸೆಲ್, ವಿಮೆ, ಬಿಡಿಭಾಗಗಳ ಖರ್ಚು ಏರಿ, ಪ್ರಯಾಣಿಕರು ಇಳಿದು, ಕೊರೊನಾ ನಮ್ಮ ಕಡೆಗೆ ಬರುವ ಮೊದಲೇ, 2020ರ ಆರಂಭದಲ್ಲಿ ಆ ಬಸ್ಸುಗಳು ನಿಂತವು. ಎಣ್ಣೆ ದರ ಏರಿದರೆ ಜನ ಬಸ್ಸಿಗೆ ಹೋಗುತ್ತಾರೆ ಎಂದು ನಾವು ಭಾವಿಸುತ್ತೇವೆ, ಮಲೆನಾಡಿನಲ್ಲಿ ನಡೆಯುವುದು ಉಲ್ಟಾ. ಡೀಸೆಲ್ ಏರಿದರೆ ಮೊದಲು ಕಡಿತವಾಗುವುದು ನಷ್ಟದ ಹಳ್ಳಿ ದಾರಿಯ ಸಂಜೆಯ ಟ್ರಿಪ್ಪು. ಕೊನೆಯ ಬಸ್ಸು ಹೋಯಿತೆಂದರೆ ಪೇಟೆಯಲ್ಲಿ ದುಡಿಯುವ ಹುಡುಗ ಸಾಲ ಮಾಡಿಯಾದರೂ ಬೈಕ್ ತರುತ್ತಾನೆ. ಒಮ್ಮೆ ಬೈಕ್ ಬಂದ ಮೇಲೆ ಬೆಳಗಿನ ಬಸ್ಸಿಗೂ ಅವನು ಹತ್ತುವುದಿಲ್ಲ, ಮುಂದಿನ ವರ್ಷ ಬೆಳಗಿನ ಟ್ರಿಪ್ಪಿಗೂ ಕತ್ತರಿ ಬೀಳುತ್ತದೆ. ನೀವು ಕಂಡ ಖಾಲಿ ಬಸ್ಸು ಈ ಸರಪಳಿಯ ಕೊನೆಯ ಕೊಂಡಿ.

2023ರ ಜೂನ್ 11ರಂದು ಆರಂಭವಾದ, ಹೆಂಗಸರಿಗೆ ಉಚಿತ ಬಸ್ ಪ್ರಯಾಣ ಕೊಡುವ ಶಕ್ತಿ ಯೋಜನೆಯಿಂದ ಒಂದು ಬದಲಾವಣೆ ಆಯಿತು, ಅದೂ ಸಾರಿಗೆ ಸಂಸ್ಥೆಯ ಬಸ್ಸು ಇರುವ ಕಡೆ ಮಾತ್ರ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯ ಮನೆಗಳಲ್ಲಿ ಹೆಂಗಸರು ಬಸ್ಸಿಗೆ, ಗಂಡಸರು ಬೈಕಿಗೆ ಎಂಬ ಪಾಲು ಬಿದ್ದಿದೆ. ಖಾಸಗಿ ಬಸ್ಸನ್ನೇ ನಂಬಿರುವ ಮಲೆನಾಡಿನ ಊರುಗಳಿಗೆ ಅದರ ಲಾಭ ಅಷ್ಟಾಗಿ ಮುಟ್ಟಿಲ್ಲ. ಹಾಸನದ ಕೈಗಾರಿಕಾ ಪ್ರದೇಶದ ಜವಳಿ ಕಾರ್ಖಾನೆಗೆ 25 ಕಿ.ಮೀ. ದೂರದ ಹಳ್ಳಿಯಿಂದ ಬರುವ ಒಬ್ಬ ಯುವಕನನ್ನು ಊಹಿಸಿಕೊಳ್ಳಿ. ದಿನಕ್ಕೆ 50 ಕಿ.ಮೀ. ಓಡಾಟವೆಂದರೆ ಒಂದು ಲೀಟರ್, ತಿಂಗಳಿಗೆ 25 ಲೀಟರ್. ಲೀಟರಿಗೆ 103 ರೂಪಾಯಿ ಹಿಡಿದರೆ 2,575 ರೂಪಾಯಿ. ಸಂಬಳ ಹದಿನೈದು ಸಾವಿರವಾದರೆ ಆರನೇ ಒಂದು ಭಾಗಕ್ಕೂ ಹೆಚ್ಚು ಕೆಲಸಕ್ಕೆ ಹೋಗಿಬರುವುದಕ್ಕೇ ಮುಗಿಯಿತು. ಇವನು ಬೈಕ್ ‘ಆರಿಸಿಕೊಂಡ’ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ವಿದ್ಯುತ್ ಸ್ಕೂಟರ್ ಏಕಾಗದು ಎಂದು ನೀವು ಒಂದು ಸಾಲಿನಲ್ಲಿ ಕೇಳಿದ್ದೀರಿ. ಹಾಸನ, ಚಿಕ್ಕಮಗಳೂರು ಪೇಟೆಯೊಳಗೆ ಖಂಡಿತ ಆದೀತು. ಮೂರು ಯೂನಿಟ್ ಆಸುಪಾಸಿನ ವಿದ್ಯುತ್ತಿಗೆ ಎಂಬತ್ತು, ತೊಂಬತ್ತು ಕಿಲೋಮೀಟರ್ ಓಡುವ ಗಾಡಿಯ ಮುಂದೆ ಪೆಟ್ರೋಲ್ ಲೆಕ್ಕ ನಿಲ್ಲುವುದಿಲ್ಲ. ಆದರೆ ಆಷಾಢದ ಗಾಳಿಗೆ ಮರ ತಂತಿಯ ಮೇಲೆ ಬಿದ್ದು ಮೂರು ದಿನ ಕರೆಂಟಿಲ್ಲದ ಹಾನುಬಾಳಿನಲ್ಲಿ ಕುಳಿತು ಈ ಪ್ರಶ್ನೆ ಕೇಳಿದ್ದೀರಿ; ಉತ್ತರ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಪ್ರತಿಭಟನೆ ಏಕಿಲ್ಲ ಎಂಬುದಕ್ಕೆ ಒಂದು ಕಾರಣ ಸರಳವಾಗಿದೆ. ಮೊದಲು ದರ ಏರಿಕೆಗೆ ಒಂದು ದಿನವಿರುತ್ತಿತ್ತು. ಮಧ್ಯರಾತ್ರಿಯಿಂದ ಜಾರಿ ಎಂದು ಸುದ್ದಿಯಾದರೆ ರಾತ್ರಿ ಹತ್ತಕ್ಕೆ ಬಂಕಿನ ಮುಂದೆ ಸಾಲು, ಮರುದಿನ ಬೆಳಿಗ್ಗೆ ಮೆರವಣಿಗೆ. 2017ರ ಜೂನ್ 16ರಿಂದ ದರ ದಿನವೂ ಬದಲಾಗುವ ಪದ್ಧತಿ ಬಂತು. ಹನ್ನೆರಡು ಪೈಸೆ, ಹದಿನೆಂಟು ಪೈಸೆ ಎಂದು ಏರುವುದಕ್ಕೆ ಯಾವ ದಿನ ಬಂದ್ ಕರೆಯುವುದು? ಅದೇ ದಿನಂಪ್ರತಿ ದರ 2021ರ ನವೆಂಬರ್‌ನಿಂದ ಐದು ರಾಜ್ಯಗಳ ಚುನಾವಣೆ ಮುಗಿಯುವವರೆಗೂ, ಒಟ್ಟು 137 ದಿನ, ಒಂದು ಪೈಸೆಯೂ ಅಲುಗಲಿಲ್ಲ. ಆಮೇಲೆ 2022ರ ಮಾರ್ಚ್ 22ರಿಂದ ಎರಡು ವಾರಗಳಲ್ಲಿ ಹತ್ತು ರೂಪಾಯಿ ಏರಿತು. ಇದನ್ನು ನೋಡಿದವರಿಗೆ ದರ ಹೇಗೆ ನಿರ್ಧಾರವಾಗುತ್ತದೆ ಎಂಬುದರಲ್ಲಿ ನಂಬಿಕೆ ಉಳಿಯುವುದು ಕಷ್ಟ. ಪಕ್ಷಗಳ ಕಥೆಯೂ ಬೇರೆಯಲ್ಲ. 1973ರಲ್ಲಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಹೋದರು. 2021ರ ಸೆಪ್ಟೆಂಬರ್‌ನಲ್ಲಿ ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಎತ್ತಿನ ಗಾಡಿಯಲ್ಲಿ ವಿಧಾನಸೌಧಕ್ಕೆ ಬಂದರು, ಮುಂದೆ ಅವರ ಸರ್ಕಾರವೇ ತೆರಿಗೆ ಏರಿಸಿದಾಗ ಬಿಜೆಪಿಯವರು ಬೀದಿಗಿಳಿದರು. ಗಾಡಿಯಲ್ಲಿ ಕೂರುವವರು ಮಾತ್ರ ಬದಲಾದದ್ದನ್ನು ಜನ ಗಮನಿಸಿದ್ದಾರೆ.

ಮಂಗಳೂರಿನ ದರದ ಪ್ರಶ್ನೆಗೆ ಚುಟುಕಾಗಿ: ತೆರಿಗೆ ರಾಜ್ಯಕ್ಕೆಲ್ಲ ಒಂದೇ, ಡಿಪೋದಿಂದ ಬಂಕಿಗೆ ಸಾಗಿಸುವ ಖರ್ಚು ಊರಿಂದೂರಿಗೆ ಬೇರೆ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರು ಬಳಿಯ ದೇವನಗೊಂದಿಗೆ ಹೋಗುವ, 360 ಕಿ.ಮೀ.ಗೂ ಉದ್ದದ ಕೊಳವೆ ನಮ್ಮ ಜಿಲ್ಲೆಯ ಹೊಲಗಳ ಅಡಿಯಲ್ಲೇ ಹಾದಿದೆ. ಎಣ್ಣೆ ನೆಲದೊಳಗೆ ಹರಿದು ಬಂದರೂ ಹಾಸನದಿಂದ ಸಕಲೇಶಪುರಕ್ಕೆ ಮತ್ತೆ ಟ್ಯಾಂಕರ್ ಹತ್ತಿಯೇ ಘಟ್ಟದ ಕಡೆಗೆ ವಾಪಸಾಗಬೇಕು.

ಕೊನೆಗೆ ಒಂದು ಕೋರಿಕೆ. ಹತ್ತು ವರ್ಷದ ಹಿಂದೆ ನಿಮ್ಮ ಊರಿಗೆ ದಿನಕ್ಕೆ ಎಷ್ಟು ಬಸ್ಸು ಬರುತ್ತಿದ್ದವು, ಈಗ ಎಷ್ಟು ಬರುತ್ತಿವೆ, ಸಂಜೆ ಸಕಲೇಶಪುರದಿಂದ ಹೊರಡುವ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ಬರೆದು ಕಳುಹಿಸಿ. ಇದೇ ವಿವರವನ್ನು ಬೇಲೂರು, ಮೂಡಿಗೆರೆ, ಆಲೂರು ತಾಲ್ಲೂಕುಗಳ ಓದುಗರಿಂದಲೂ ಕೇಳುತ್ತಿದ್ದೇವೆ. ಬಂದಷ್ಟನ್ನು ಮುಂದಿನ ಸಂಚಿಕೆಯಲ್ಲಿ, ಕಾರಿನ ಜಾಹೀರಾತಿನ ಎದುರು ಪುಟದಲ್ಲೇ ಅಚ್ಚು ಹಾಕುತ್ತೇವೆ.

— ಸಂಪಾದಕ