ದೂರದ ಗುರಿ ನೀರಿನಲ್ಲಿ ಮುಳುಗಿದ್ದೇಕೆ?

ಪ್ರಶ್ನೆ: ಕೆರೆಯ ಈ ದಡದಲ್ಲಿ ಒಂದೂವರೆ ಮೀಟರ್ ಎತ್ತರಕ್ಕೆ ದುರ್ಬೀನಿರುವ ಸರ್ವೆ ಉಪಕರಣ ಇಟ್ಟು, 10 ಕಿ.ಮೀ. ಆಚೆಯ ದಡದಲ್ಲಿ ಅಷ್ಟೇ ಎತ್ತರದಲ್ಲಿ ಇಟ್ಟ ಗುರಿಯನ್ನು ನೋಡಿದೆ. ಆಕಾಶ ತಿಳಿಯಾಗಿತ್ತು, ನಡುವೆ ಏನೂ ಅಡ್ಡವಿರಲಿಲ್ಲ. ಆದರೂ ಕಾಣಲಿಲ್ಲ. ಲೆನ್ಸಿನ ದೋಷವೇ?

ಉತ್ತರ: ಲೆನ್ಸ್ ಅನ್ನು ಸುಮ್ನೆ ಬೈಯಬೇಡಿ. ಅಡ್ಡ ಬಂದದ್ದು ನೀರೇ! ಭೂಮಿ ದುಂಡಗಿದೆ ಅಲ್ವಾ, ನಿಮ್ಮ ದೃಷ್ಟಿರೇಖೆ ನೇರ ಹೋಗುತ್ತಿದ್ದರೆ ನೆಲ ಕೆಳಗೆ ಬಾಗುತ್ತಾ ಹೋಗುತ್ತದೆ. ದೂರವನ್ನು ಕಿ.ಮೀ.ನಲ್ಲಿ ವರ್ಗ ಮಾಡಿ 0.0785ರಿಂದ ಗುಣಿಸಿದರೆ ಈ ಇಳಿತ ಮೀಟರಿನಲ್ಲಿ ಸಿಗುತ್ತದೆ, 10 ಕಿ.ಮೀ.ಗೆ 7.85 ಮೀಟರ್. ಆದರೆ ಗಾಳಿ ಸ್ವಲ್ಪ ಸಹಾಯ ಮಾಡುತ್ತದೆ. ಕೆಳಗಿನ ಗಾಳಿ ದಟ್ಟವಾಗಿರುವುದರಿಂದ ಬೆಳಕು ನೆಲದ ಕಡೆಗೆ ಬಾಗಿ, ಈ ಇಳಿತದಲ್ಲಿ ಸುಮಾರು ಏಳನೇ ಒಂದು ಭಾಗವನ್ನು ತೀರಿಸುತ್ತದೆ. ಹಾಗಾಗಿ ಗುಣಿಸಬೇಕಾದ ಸಂಖ್ಯೆ 0.0785ರ ಬದಲು 0.0673.

ಇದರ ಪ್ರಕಾರ ಒಂದೂವರೆ ಮೀಟರಿನಿಂದ ದಿಗಂತ 4.7 ಕಿ.ಮೀ. ಎರಡೂ ಕಡೆ ಸೇರಿ 9.4. ನಿಮಗೆ ಬೇಕಿದ್ದದ್ದು 10! ಗುರಿಯನ್ನು 1.9 ಮೀಟರಿಗೆ ಏರಿಸಿದರೆ ರೇಖೆ ನೀರನ್ನು ಸವರಿಕೊಂಡು ಹೋಗುತ್ತದೆ, ಅದೂ ಸಾಲದು. ನೀರಿಗೆ, ನೆಲಕ್ಕೆ ತೀರಾ ಹತ್ತಿರದ ಗಾಳಿ ಗಳಿಗೆಗೊಂದು ರೀತಿ ವರ್ತಿಸುತ್ತದೆ. ಮಧ್ಯಾಹ್ನ ಅಳತೆಕೋಲಿನ ಗೆರೆಗಳು ಕುದಿಯುವಂತೆ ನಡುಗುವುದನ್ನು ನೀವೇ ನೋಡಿರುತ್ತೀರಿ. ಎರಡೂ ತುದಿಗಳನ್ನು ಇನ್ನೂ ಮೂರು ಮೀಟರಾದರೂ ಮೇಲಕ್ಕೆತ್ತಿ.

ಜಾಗಗಳ ಎತ್ತರದ ವ್ಯತ್ಯಾಸ ಅಳೆಯುವ ದಿನನಿತ್ಯದ ಲೆವೆಲಿಂಗ್‌ಗೆ ಇಷ್ಟು ಚಿಂತೆ ಬೇಡ. 100 ಮೀಟರಿಗೆ ಬರುವ ತಪ್ಪು 0.7 ಮಿ.ಮೀ. ಅಷ್ಟೇ. ಉಪಕರಣದಿಂದ ಹಿಂದಿನ ಅಳತೆಕೋಲಿಗೂ ಮುಂದಿನ ಅಳತೆಕೋಲಿಗೂ ಇರುವ ದೂರ ಸಮವಾಗಿದ್ದರೆ ಭೂಮಿಯ ವಕ್ರತೆಯ ತಪ್ಪು ತಾನಾಗಿಯೇ ಹೊಡೆದುಹೋಗುತ್ತದೆ, ಗಾಳಿಯಲ್ಲಿ ಬೆಳಕು ಬಾಗುವುದರ (ವಕ್ರೀಭವನದ) ತಪ್ಪೂ ಬಹುಪಾಲು ಹೋಗುತ್ತದೆ.